ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದು

ದೊಡ್ಡವರಾದ ಮೇಲೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲಿಸುವುದು ಕಷ್ಟವಾಗುವ ಸ್ಥಿತಿ) ಅಥವಾ ಆಟಿಸಂ (ಜನರ ಜೊತೆ ಬೆರೆಯುವುದು, ಸದ್ದು-ಬೆಳಕು ತಡೆಯುವುದು ಕಷ್ಟವಾಗುವ ಸ್ಥಿತಿ) ಇದೆ ಅಂತ ಗೊತ್ತಾದವರು ಆನ್‌ಲೈನ್ ಸಹಾಯ ಹುಡುಕುವುದು ಸೋಮಾರಿತನದಿಂದಲ್ಲ. ಆಸ್ಪತ್ರೆಯ ಟೋಕನ್ ಸಾಲು, ಕಣ್ಣಿಗೆ ಚುಚ್ಚುವ ಟ್ಯೂಬ್‌ಲೈಟ್, ನಾಲ್ಕು ಕಡೆಯಿಂದ ಮಾತು, ಇಷ್ಟನ್ನೂ ದಾಟಿ ಡಾಕ್ಟರ ಮುಂದೆ ಕೂರುವಷ್ಟರಲ್ಲಿ ಹೇಳಬೇಕಾದ್ದೆಲ್ಲ ತಲೆಯಿಂದ ಹಾರಿಹೋಗಿರುತ್ತದೆ.

ನಾನು ಯಾವ ಸೇವೆಯನ್ನಾದರೂ ಅಳೆಯುವುದು ಹೀಗೆ: ಫೋನ್ ಮಾಡದೆ ಬುಕ್ ಮಾಡಬಹುದಾ? ಪ್ರಶ್ನೆಗಳನ್ನು ಮೊದಲೇ ಬರೆದು ಕಳಿಸುತ್ತಾರಾ? ಕ್ಯಾಮೆರಾ ಆಫ್ ಮಾಡಿ ಟೈಪ್ ಮಾಡುತ್ತಾ ಮಾತಾಡಬಹುದಾ? ಇವಕ್ಕೆ ಹೂಂ ಅನ್ನದವರ ಚಂದದ ಜಾಹೀರಾತು ನನಗೆ ಬೇಡ. ಎಡಿಎಚ್‌ಡಿ, ಆಟಿಸಂ ಎರಡೂ ಇರುವವರು ಇನ್ನೊಂದು ಕೇಳಬೇಕು, ಎರಡರ ಬಗ್ಗೆಯೂ ಗೊತ್ತಾ ಅಂತ. ಯಾರಿಗೆ ಏನಿದೆ ಅಂತ ತೀರ್ಮಾನಿಸಲು ಮನೋವೈದ್ಯರು ಬಳಸುವ ಡಿಎಸ್‌ಎಂ ಅನ್ನುವ ಕೈಪಿಡಿಯ ಐದನೇ ಆವೃತ್ತಿ (ಡಿಎಸ್‌ಎಂ-5) 2013ರಲ್ಲಿ ಬರುವವರೆಗೆ, ಅದರ ಪ್ರಕಾರ ಒಬ್ಬರಿಗೇ ಎರಡೂ ಇದೆ ಅಂತ ಹೇಳುವ ಹಾಗಿರಲಿಲ್ಲ. ಆಟಿಸಂನ ಮನಸ್ಸಿಗೆ ದಿನವೂ ಒಂದೇ ಕ್ರಮ ಬೇಕು, ಎಡಿಎಚ್‌ಡಿಯ ಮನಸ್ಸಿಗೆ ಅದೇ ಕ್ರಮ ಎರಡು ದಿನಕ್ಕೆ ಬೇಜಾರು. ಒಂದನ್ನೇ ನೋಡಿ ಕೊಟ್ಟ ಟೈಮ್‌ಟೇಬಲ್ ಉಳಿಯುವುದಿಲ್ಲ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಥೆರಪಿಗಿಂತ ಬಾಡಿ ಡಬ್ಲಿಂಗ್, ಅಂದರೆ ಇನ್ನೊಬ್ಬರು ಜೊತೆಗೆ ಕೂತಿರುವಾಗ ನಮ್ಮ ಕೆಲಸ ಮಾಡುವುದು. ಫೋಕಸ್‌ಮೇಟ್‌ನಂಥ ವೆಬ್‌ಸೈಟ್‌ನಲ್ಲಿ 25, 50 ಅಥವಾ 75 ನಿಮಿಷ ಆರಿಸಿಕೊಂಡರೆ ಎಲ್ಲೋ ಇರುವ ಅಪರಿಚಿತರೊಬ್ಬರು ವಿಡಿಯೋದಲ್ಲಿ ಬರುತ್ತಾರೆ, ಏನು ಮಾಡುತ್ತೇನೆ ಅಂತ ಇಬ್ಬರೂ ಹೇಳಿಕೊಳ್ಳುತ್ತೀರಿ, ಆಮೇಲೆ ಸುಮ್ನೆ ಅವರವರ ಕೆಲಸ. ಅಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರೆ ಹೋಂವರ್ಕ್ ಮುಗಿಯುತ್ತಿತ್ತಲ್ಲ, ಅದೇ ಲೆಕ್ಕ. ಎಡಿಎಚ್‌ಡಿಯಲ್ಲಿ ಏನು ಮಾಡಬೇಕು ಅಂತ ಗೊತ್ತಿರುತ್ತದೆ, ಶುರು ಮಾಡುವುದೇ ಆಗುವುದಿಲ್ಲ. (ಇಲ್ಲಿ ಮಾತ್ರ ಕ್ಯಾಮೆರಾ ಆನ್ ಇರಬೇಕು. ನಾನು ಅದನ್ನು ಕೀಬೋರ್ಡ್ ಕಡೆ ತಿರುಗಿಸಿಡುತ್ತೇನೆ.)

ದೊಡ್ಡವರ ಎಡಿಎಚ್‌ಡಿ ಲಕ್ಷಣಗಳ ಬಗ್ಗೆ ಎಎಸ್‌ಆರ್‌ಎಸ್ ಅನ್ನುವ 18 ಪ್ರಶ್ನೆಗಳ ಪಟ್ಟಿ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದು ಡಾಕ್ಟರ ಹತ್ತಿರ ಹೋಗಬೇಕಾ ಅಂತ ತಿಳಿಯಲು, ಅಷ್ಟೇ. ತೀರಾ ಕಷ್ಟವಾದಾಗ ಕನ್ನಡದಲ್ಲೇ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. 2022ರಲ್ಲಿ ಶುರುವಾಯಿತು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ. ಆದರೆ ಅದು ಫೋನ್ ಕರೆ, ನಮ್ಮಲ್ಲಿ ಎಷ್ಟೋ ಜನರಿಗೆ ಅದೇ ಬೆಟ್ಟ.

ಇನ್ನು ಆನ್‌ಲೈನ್‌ನಲ್ಲಿ ಆಗದ ಎರಡು ಕೆಲಸ. ಅಂಗವೈಕಲ್ಯದ ಸರ್ಟಿಫಿಕೇಟ್‌ಗೆ ಯುಡಿಐಡಿ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡು) ಅರ್ಜಿಯನ್ನು ಮನೆಯಿಂದಲೇ ಹಾಕಬಹುದು, ಆದರೆ ಪರೀಕ್ಷೆಗೆ ಆಸ್ಪತ್ರೆಗೆ ಹೋಗಲೇಬೇಕು. ಅದೂ ಆಟಿಸಂಗೆ ಮಾತ್ರ. ಅಂಗವಿಕಲರ ಹಕ್ಕುಗಳ 2016ರ ಕಾನೂನಿನ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಹೆಸರೇ ಇಲ್ಲ, ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಎರಡನೆಯದು ಮಾತ್ರೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಮಾರಾಟದ ಮೇಲೆ ಬಿಗಿ ನಿಯಂತ್ರಣ ಇರುವ ಪಟ್ಟಿಯಲ್ಲಿರುವುದು. 2020ರ ಟೆಲಿಮೆಡಿಸಿನ್ ನಿಯಮದ ಪ್ರಕಾರ ಅಂಥದ್ದನ್ನು ವಿಡಿಯೋ ಕಾಲ್‌ನಲ್ಲಿ ನೋಡಿ ಬರೆದುಕೊಡುವ ಹಾಗಿಲ್ಲ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಮೆಡಿಕಲ್ ಶಾಪ್‌ನವರು ಇಟ್ಟುಕೊಳ್ಳುತ್ತಾರೆ. ಹಾಗಾಗಿ ಮೂರು ತಿಂಗಳ ಪ್ಯಾಕೇಜಿಗೆ ದುಡ್ಡು ಕಟ್ಟುವ ಮೊದಲೇ ಒಂದು ಮೆಸೇಜ್ ಹಾಕಿ ಕೇಳಿ: ಮಾತ್ರೆ ಬೇಕಾದರೆ ನಿಮ್ಮ ಡಾಕ್ಟರನ್ನು ನೇರವಾಗಿ ನೋಡಲು ನಾನು ಯಾವ ಊರಿಗೆ ಬರಬೇಕು?