ಇನ್ನೂ ಪೆನ್ಸಿಲ್ ಹಿಡಿದು ಕೂತಿದ್ದೀರಾ?

ಪ್ರಶ್ನೆ ಸದಾ ಒಂದೇ ರೂಪದಲ್ಲಿ ಬರುತ್ತದೆ. "ಇಷ್ಟೆಲ್ಲ ಸಾಫ್ಟ್‌ವೇರ್ ಬಂದಿದೆಯಲ್ಲ, ರೇಸಿನಲ್ಲಿ ಗೆಲ್ಲುವ ಕುದುರೆ ಆರಿಸಲು ನೀವು ಇನ್ನೂ ಕಾಗದ, ಪೆನ್ಸಿಲ್ ಹಿಡಿದು ಕೂರುತ್ತೀರಾ?" ಕೇಳುವವರು ಬದಲಾಗುತ್ತಾರೆ, ಆ 'ಇನ್ನೂ' ಮಾತ್ರ ಬದಲಾಗುವುದಿಲ್ಲ. ಅದನ್ನು ಹೇಳುವಾಗ ಹುಬ್ಬು ತುಸು ಮೇಲೇರುತ್ತದೆ, ದನಿಯಲ್ಲಿ ಕನಿಕರ ಇಣುಕುತ್ತದೆ. ನಾನು ಎತ್ತಿನ ಗಾಡಿಯಲ್ಲಿ ಕಚೇರಿಗೆ ಹೋಗುತ್ತಿದ್ದೇನೆ ಎಂಬಂತೆ. ಹಲವು ವರ್ಷ ನಗುನಗುತ್ತಲೇ ಉತ್ತರಿಸಿದ್ದಾಯಿತು. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಓದಲು ಕೊಡುತ್ತೇನೆ.

ಚುಟುಕಾಗಿ ಹೇಳಬೇಕೆಂದರೆ, ಪೆನ್ಸಿಲ್ ಇದೆ, ಸಾಫ್ಟ್‌ವೇರೂ ಇದೆ, ಎರಡನ್ನೂ ನಂಬಿ ಸಾಕಷ್ಟು ಸೋತಿದ್ದೇನೆ.

ವಿವರ ಬೇಕಾದವರು ಮೊದಲು 'ಹಳೆಯ ಪದ್ಧತಿ' ಎಂದರೆ ಏನೆಂದು ತಿಳಿದುಕೊಳ್ಳಬೇಕು. ಜಾಕಿಯ ಅಂಗಿಯ ಬಣ್ಣ ನೋಡಿಯೋ ಕುದುರೆಯ ಹೆಸರು ಇಷ್ಟವಾಗಿಯೋ ಆರಿಸುವುದಲ್ಲ ಅದು. ಅಮೆರಿಕದಲ್ಲಿ ಡೈಲಿ ರೇಸಿಂಗ್ ಫಾರ್ಮ್ ಎಂಬ ಪತ್ರಿಕೆ 1894ರಿಂದ ಇದೆ. ಅದರಲ್ಲಿ ಪ್ರತಿ ಕುದುರೆಯ ಹಿಂದಿನ ಓಟಗಳಿಗೆ ಒಂದೊಂದು ಸಾಲು: ಎಷ್ಟು ದೂರ, ಯಾವ ನೆಲ, ಯಾವ ಹಂತದಲ್ಲಿ ಎಷ್ಟನೆಯ ಸ್ಥಾನ, ಎಷ್ಟು ಭಾರ ಹೊತ್ತಿತ್ತು, ಕೊನೆಗೆ ಅದರ ಬೆಲೆ, ಎಂದರೆ ಗೆದ್ದರೆ ಬಾಜಿಯ ಒಂದು ಡಾಲರಿಗೆ ಎಷ್ಟು ಲಾಭ ಎಂಬ ದರ, ಎಷ್ಟಿತ್ತು. 1992ರಿಂದ ಆ ಸಾಲಿನಲ್ಲೇ ಒಂದು ದಪ್ಪಕ್ಷರದ ಅಂಕಿಯೂ ಇರುತ್ತದೆ. ಅದು ವಾಷಿಂಗ್ಟನ್ ಪೋಸ್ಟ್ ಅಂಕಣಕಾರರಾಗಿದ್ದ ಆಂಡ್ರ್ಯೂ ಬೇಯರ್ ಅವರ ಹೆಸರಿನ ವೇಗದ ಅಂಕ. ಒಂದು ಕುದುರೆ ಆರು ಫರ್ಲಾಂಗನ್ನು, ಎಂದರೆ ಸುಮಾರು 1,200 ಮೀಟರನ್ನು, ಒಂದು ನಿಮಿಷ ಹತ್ತು ಸೆಕೆಂಡಿನಲ್ಲಿ ಓಡಿತು ಎನ್ನಿ. ಅದು ಒಳ್ಳೆಯ ಓಟವೇ? ಅಷ್ಟರಿಂದಲೇ ಹೇಳಲು ಬರುವುದಿಲ್ಲ. ಆ ದಿನ ಆ ನೆಲದ ಮೇಲೆ ಎಲ್ಲ ಕುದುರೆಗಳೂ ನಿರೀಕ್ಷೆಗಿಂತ ಒಂದು ಸೆಕೆಂಡ್ ಬೇಗ ಮುಟ್ಟಿದ್ದರೆ ಅದರ ಶ್ರೇಯ ಕುದುರೆಗಲ್ಲ, ನೆಲಕ್ಕೆ. ಆ ಸೆಕೆಂಡನ್ನು ಕುದುರೆಯ ಸಮಯಕ್ಕೆ ಮರಳಿ ಸೇರಿಸಬೇಕು. ಒದ್ದೆಯಾಗಿ ಭಾರವಾದ ನೆಲದ ಮೇಲೆ ಬಂದ ಒಂದು ನಿಮಿಷ ಹನ್ನೊಂದು ಸೆಕೆಂಡು ಇದಕ್ಕಿಂತ ಮೇಲಿರಬಹುದು.

ಇದು ಶುದ್ಧ ಲೆಕ್ಕ. ಪೆನ್ಸಿಲ್ ಹಿಡಿದವರು ಎಂದೂ ಲೆಕ್ಕದ ವೈರಿಗಳಾಗಿರಲಿಲ್ಲ, ಯಂತ್ರವಿಲ್ಲದ ಕಾಲದಲ್ಲಿ ತಾವೇ ಯಂತ್ರವಾಗಿದ್ದರು. ಇವತ್ತು ನಾನು ಕಾಗದದ ಮೇಲೆ ಗೀಚುವ ಪ್ರತಿ ಅಂಕಿಯೂ ಎಲ್ಲೋ ಒಂದು ಕಂಪ್ಯೂಟರಿನ ಹೊಟ್ಟೆಯಿಂದಲೇ ಬಂದದ್ದು. ಹೀಗಿರುವಾಗ ನನ್ನನ್ನು ಯಾವ ಕಡೆಗೆ ನಿಲ್ಲಿಸುತ್ತೀರಿ?

ಇಷ್ಟು ಹೇಳಿದ ಮೇಲೆ ಎದುರಿನವರು ಬತ್ತಳಿಕೆಯಿಂದ ಬಿಲ್ ಬೆಂಟರ್ ಹೆಸರನ್ನು ತೆಗೆಯುತ್ತಾರೆ. ಬ್ಲ್ಯಾಕ್‌ಜ್ಯಾಕ್ ಆಟದಲ್ಲಿ ಎಲೆಗಳ ಲೆಕ್ಕವಿಟ್ಟು ಗೆಲ್ಲುತ್ತಿದ್ದ ಮನುಷ್ಯ, ಎಂಬತ್ತರ ದಶಕದಲ್ಲಿ ಹಾಂಕಾಂಗಿಗೆ ಹೋಗಿ, ಕುದುರೆಗಳ ಮೇಲೆ ಕಂಪ್ಯೂಟರ್ ಮಾದರಿ ಕಟ್ಟಿ ಅಪಾರ ಹಣ ಮಾಡಿದ. ಕಥೆ ನಿಜ. ಆದರೆ ಈ ಕಥೆ ಹೇಳುವವರಲ್ಲಿ ಅವನು 1994ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಓದಿದವರು ನನಗೆ ಈವರೆಗೆ ಸಿಕ್ಕಿಲ್ಲ. ಮಾದರಿಯ ಅಂದಾಜೊಂದನ್ನೇ ನಂಬಿ ಆಡಿದರೆ ಸಾಲದು, ಜನ ಹಣ ಹಾಕಿ ಕಟ್ಟಿದ ಬೆಲೆಯನ್ನೂ ಅದರೊಳಗೆ ಬೆರೆಸಬೇಕು ಎಂಬುದು ಅದರ ಮುಖ್ಯ ಮಾತುಗಳಲ್ಲೊಂದು. ಜಗತ್ತಿನ ಅತಿ ಪ್ರಸಿದ್ಧ ರೇಸ್ ಸಾಫ್ಟ್‌ವೇರ್ ಕೂಡ ಬಾಜಿ ಕಟ್ಟುವ ಕಿಟಕಿಯ ಮುಂದೆ ಸಾಲುಗಟ್ಟಿ ನಿಂತ ಜನರ ಅಭಿಪ್ರಾಯ ಕೇಳುತ್ತಿತ್ತು. ಜೊತೆಗೆ, ಹಾಂಕಾಂಗಿನಲ್ಲಿ ಅವನಿಗೆ ಇದ್ದದ್ದು ಎರಡೇ ರೇಸ್‌ಕೋರ್ಸ್, ಅದೇ ಕುದುರೆಗಳು ಮತ್ತೆ ಮತ್ತೆ ಒಂದನ್ನೊಂದು ಎದುರಿಸುವ ಓಟಗಳು. ಸಾವಿರಾರು ಬಾಜಿಗಳ ಮೇಲೆ ಸಣ್ಣ ಸಣ್ಣ ಮೇಲುಗೈಯನ್ನು ಒಟ್ಟುಗೂಡಿಸಿದ್ದು ಅವನ ಜಾಣತನ.

ನಾನು ಆಡುವುದು ಆ ಆಟವೇ ಅಲ್ಲ. ಹ್ಯಾಂಡಿಕ್ಯಾಪಿಂಗ್, ಎಂದರೆ ಗೆಲ್ಲುವ ಕುದುರೆಯನ್ನು ಊಹಿಸುವ ಸ್ಪರ್ಧೆ: ಒಂದು ಮಧ್ಯಾಹ್ನ, ಹತ್ತು ಹನ್ನೆರಡು ರೇಸು. ಪ್ರವೇಶ ಶುಲ್ಕ ಕಟ್ಟಿದ ಮೇಲೆ ಪ್ರತಿ ರೇಸಿಗೆ ಒಂದು ಕುದುರೆಯನ್ನು ಹೆಸರಿಸಬೇಕು. ಅದರ ಮೇಲೆ ಎರಡು ಡಾಲರ್ 'ವಿನ್', ಎರಡು ಡಾಲರ್ 'ಪ್ಲೇಸ್' ಹಾಕಿದಂತೆ ಲೆಕ್ಕ. ಹಣ ಕಾಲ್ಪನಿಕ, ಬರುವ ಮೊತ್ತವೇ ಅಂಕ. ಮೊದಲು ಬಂದರೆ ಎರಡೂ ಸಿಗುತ್ತವೆ, ಎರಡನೆಯದಾದರೆ ಪ್ಲೇಸ್ ಮಾತ್ರ. ಬೆಲೆಗೂ ಮಿತಿಯಿದೆ. ಸಾಮಾನ್ಯವಾಗಿ ವಿನ್‌ಗೆ 20-1 (ಒಂದಕ್ಕೆ ಇಪ್ಪತ್ತು), ಪ್ಲೇಸ್‌ಗೆ 10-1, ಎಂದರೆ ಹಾಕಿದ ಎರಡೆರಡು ಡಾಲರೂ ಸೇರಿ ಒಂದು ಕುದುರೆಯಿಂದ ಹೆಚ್ಚೆಂದರೆ 42 ಮತ್ತು 22, ಒಟ್ಟು 64. ಅಮೆರಿಕದ ಉದ್ದಗಲಕ್ಕೂ ಇಂಥ ಸ್ಪರ್ಧೆಗಳು ನಡೆಯುತ್ತವೆ. ಅವುಗಳಲ್ಲಿ ಆಯ್ಕೆಯಾದವರು 2000ದಿಂದ ನಡೆಯುತ್ತಿರುವ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆಂದು ಲಾಸ್ ವೇಗಸ್‌ಗೆ ಹೋಗುತ್ತಾರೆ. ನಾನು ಹೋಗಿಲ್ಲ. ಕೇಳುವ ಮುಂಚೆಯೇ ಹೇಳಿಬಿಟ್ಟೆ.

ಈಗ ನೋಡಿ. ಅಮೆರಿಕದಲ್ಲಿ ಫೇವರಿಟ್, ಎಂದರೆ ಜನ ಅತಿ ಹೆಚ್ಚು ಹಣ ಹಾಕಿದ ಕುದುರೆ, ಸುಮಾರು ಮೂರು ರೇಸಿಗೊಂದು ಗೆಲ್ಲುತ್ತದೆ. ಒಳ್ಳೆಯ ಸಾಫ್ಟ್‌ವೇರ್ ಅಂಥ ಕುದುರೆಗಳನ್ನು ಚೆನ್ನಾಗಿಯೇ ಗುರುತಿಸುತ್ತದೆ, ಸ್ಪರ್ಧೆಯಲ್ಲಿರುವ ಉಳಿದ ಮುನ್ನೂರು ಜನರೂ ಗುರುತಿಸುತ್ತಾರೆ. 2-1ರ ಕುದುರೆ ಗೆದ್ದರೆ ವಿನ್ ಆರು ಡಾಲರ್. 42 ಮುಟ್ಟಲು ಅಂಥವು ಏಳು ಗೆಲ್ಲಬೇಕು.

ಇದನ್ನೆಲ್ಲ ನಾನು ನನ್ನ ಭಾವಮೈದನಿಗೂ ಹೇಳಿದ್ದೆ. ಅವನು ಸಾಫ್ಟ್‌ವೇರ್ ಕೆಲಸದವನು. ಒಂದು ಹಬ್ಬಕ್ಕೆ ಮನೆಗೆ ಬಂದವನು ನನ್ನ ಕಾಗದಗಳ ರಾಶಿ ನೋಡಿ, "ಭಾವ, ಇದೆಲ್ಲ ಮೂರು ವಾರದ ಕೆಲಸ" ಎಂದ. ಮೂರು ವಾರಕ್ಕೆ ಸರಿಯಾಗಿ ಪ್ರೋಗ್ರಾಂ ಸಿದ್ಧವಾಯಿತು. ಅದೇ ಶನಿವಾರ ನಡೆದ ಹನ್ನೆರಡು ರೇಸುಗಳ ಸ್ಪರ್ಧೆಗೆ ಇಬ್ಬರೂ ಹೆಸರು ಕೊಟ್ಟೆವು. ಒಂದೇ ಊಟದ ಮೇಜು, ಆ ತುದಿಯಲ್ಲಿ ಅವನ ಲ್ಯಾಪ್‌ಟಾಪ್, ಈ ತುದಿಯಲ್ಲಿ ನನ್ನ ಪೆನ್ಸಿಲ್.

ಹನ್ನೊಂದು ರೇಸು ಮುಗಿಯುವಷ್ಟರಲ್ಲಿ ಅವನ ಕುದುರೆಗಳು ಐದು ಗೆದ್ದಿದ್ದವು. ನನ್ನದು ಒಂದು. ಪ್ರತಿ ಗೆಲುವಿಗೂ ಅವನು ಏನೂ ಮಾತಾಡದೆ ಲ್ಯಾಪ್‌ಟಾಪಿನ ಪರದೆಯನ್ನು ನನ್ನ ಕಡೆಗೆ ತಿರುಗಿಸುತ್ತಿದ್ದ. ಆದರೆ ಅವೆಲ್ಲ ಅಗ್ಗದ ಕುದುರೆಗಳು. ಅವನ ಒಟ್ಟು ಅಂಕ 51.40, ನನ್ನದು 26.40. ಮೊದಲ ಹತ್ತು ಜನಕ್ಕೆ ಬಹುಮಾನ, ಹತ್ತನೆಯವನು 58ರಲ್ಲಿದ್ದ.

ಕೊನೆಯ ರೇಸಿಗೆ ಅವನ ಪ್ರೋಗ್ರಾಂ 5-2ರ ಕುದುರೆಯನ್ನು ಕೊಟ್ಟಿತು. ನಾನು ಹಿಡಿದದ್ದು 13-1ರ ಒಂದು ಕಂದು ಕುದುರೆಯನ್ನು. ಹಿಂದಿನ ಓಟದಲ್ಲಿ ಅದು ಒಂಬತ್ತರಲ್ಲಿ ಎಂಟನೆಯದು. ಪ್ರೋಗ್ರಾಮಿಗೆ ಕಂಡದ್ದು ಆ ಎಂಟು ಮಾತ್ರ. ನಾನು ಬೆಳಿಗ್ಗೆ ಆ ಓಟದ ರೀಪ್ಲೇ ನೋಡಿದ್ದೆ. ತಿರುವಿನಲ್ಲಿ ಮುಂದಿನ ಎರಡು ಕುದುರೆಗಳ ನಡುವೆ ಒಂದು ಸಂದು ತೆರೆಯುತ್ತದೆ. ನಮ್ಮದು ಅದರೊಳಗೆ ನುಗ್ಗುವ ಹೊತ್ತಿಗೆ ಸಂದು ಮುಚ್ಚಿಕೊಳ್ಳುತ್ತದೆ. ಜಾಕಿ ರಿಕಾಪಿನ ಮೇಲೆ ಎದ್ದು ನಿಂತು ಲಗಾಮು ಎಳೆಯುತ್ತಾನೆ. ಬಾಗಿದ ಬೆನ್ನುಗಳ ಸಾಲಿನಲ್ಲಿ ಅವನೊಬ್ಬನ ಬಿಳಿ ಷರಾಯಿ ಮೇಲೆ ಕಾಣುತ್ತದೆ, ಕುದುರೆಯ ಮೂತಿ ಆಕಾಶ ನೋಡುತ್ತದೆ. ಅಲ್ಲಿಗೆ ಅದರ ಓಟ ಮುಗಿಯಿತು.

ಈ ಬಾರಿ ಸಂದು ಮುಚ್ಚಲಿಲ್ಲ. ವಿನ್ 28.60, ಪ್ಲೇಸ್ 11.40. ಅವನ ಕುದುರೆ ಮೂರನೆಯದಾಗಿ ಬಂದು ಸೊನ್ನೆ. 66.40ರೊಂದಿಗೆ ನಾನು ಒಂಬತ್ತನೆಯವನಾದೆ. ಬಹುಮಾನ, ಮುಂದಿನ ಸ್ಪರ್ಧೆಗೊಂದು ಉಚಿತ ಪ್ರವೇಶ. ಅದರಲ್ಲಿ ಸೋತೆ.

ಈ ಕಥೆಯನ್ನು ಎಷ್ಟು ಕಡೆ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಜಾಕಿ ಎದ್ದು ನಿಲ್ಲುವ ಜಾಗಕ್ಕೆ ಬಂದಾಗ ನಾನೂ ಕುರ್ಚಿಯಿಂದ ಎದ್ದು ನಿಂತು ತೋರಿಸುತ್ತೇನೆ. ಮನುಷ್ಯನ ಕಣ್ಣು, ಯಂತ್ರದ ಕುರುಡು ಎಂದು ಜನ ತಲೆದೂಗುತ್ತಾರೆ. ಅವರು ಕೇಳಲು ಬಂದದ್ದೂ ಅದನ್ನೇ ಎಂದು ನನಗೆ ಗೊತ್ತು.

ಆದರೆ ಆ ರಾತ್ರಿ ತಟ್ಟೆ ತೊಳೆಯುತ್ತಾ ಭಾವಮೈದ ಒಂದು ಮಾತು ಕೇಳಿದ್ದ. ಅದನ್ನು ನಾನು ಯಾವ ಕಡೆಯೂ ಹೇಳಿಲ್ಲ. "ಭಾವ, ಅದು 2-1ರ ಕುದುರೆ ಆಗಿದ್ದರೆ ನಿಮಗೆ ಆ ರೀಪ್ಲೇ ನೆನಪಾಗುತ್ತಿತ್ತೇ?"

ಆಗುತ್ತಿರಲಿಲ್ಲ. ಬೆಳಿಗ್ಗೆ ನಲವತ್ತಾದರೂ ರೀಪ್ಲೇ ನೋಡಿದ್ದೆ. ಅಡ್ಡಿಗೆ ಸಿಕ್ಕ ಕುದುರೆಗಳು ಆರೇಳು ಇದ್ದವು, ಅವುಗಳಲ್ಲಿ ಎರಡು ಆ ದಿನದ ಫೇವರಿಟ್‌ಗಳೇ. ಅವನ್ನು ಮುಟ್ಟಲೂ ಇಲ್ಲ. ನನಗೆ ಆಗ ಬೇಕಾಗಿದ್ದದ್ದು ಸುಮಾರು 32 ಅಂಕ ಕೊಡಬಲ್ಲ ಕುದುರೆ. ಬೆಲೆ ನೋಡಿ ಆರಿಸಿದೆ, ಕಾರಣ ಆಮೇಲೆ ಹುಡುಕಿದೆ. ಅವನಿಗೆ ಬೇಕಾಗಿದ್ದದ್ದು ಏಳು ಅಂಕ, 5-2ರ ಕುದುರೆ ಗೆದ್ದಿದ್ದರೆ ಸಾಕಾಗುತ್ತಿತ್ತು. ಒಂದೇ ರೇಸು, ಇಬ್ಬರದೂ ಸರಿಯಾದ ಉತ್ತರ, ಕುದುರೆಗಳು ಮಾತ್ರ ಬೇರೆ. ಸಾಫ್ಟ್‌ವೇರಿಗೂ ಪೆನ್ಸಿಲಿಗೂ ಇದರಲ್ಲಿ ಏನು ಸಂಬಂಧ?

ಹಾಗಾಗಿ ದಯವಿಟ್ಟು ಯಾವುದರಿಂದ ಆರಿಸುತ್ತೀರಿ ಎಂದು ಕೇಳಬೇಡಿ. ಎಷ್ಟು ಹಿಂದಿದ್ದಿರಿ, ಎಷ್ಟು ರೇಸು ಉಳಿದಿತ್ತು ಎಂದು ಕೇಳಿ. ಆಗ ನಾನು ಒಂದು ಗಂಟೆ ಮಾತಾಡಬಲ್ಲೆ. ಉದಾಹರಣೆಗೆ, ಕೊನೆಯ ಕ್ಷಣದವರೆಗೂ ಕುದುರೆ ಬದಲಿಸಲು ಬಿಡುವ ಸ್ಪರ್ಧೆಯೊಂದರಲ್ಲಿ ನೀವೇ ಮೂವತ್ತು ಅಂಕ ಮುಂದಿದ್ದೀರಿ ಎನ್ನಿ. ಒಂದೇ ರೇಸು ಉಳಿದಿದೆ. ಗೆಲ್ಲುವ ಕುದುರೆಯನ್ನು ಹುಡುಕುವ ಗೊಡವೆ ನಿಮಗೆ ಬೇಡ. ಎರಡನೆಯ ಸ್ಥಾನದವನು ಹತಾಶೆಯಿಂದ ಯಾವ ದುಬಾರಿ ಕುದುರೆಗೆ ಜೋತುಬೀಳುತ್ತಾನೆ ಎಂದು ಊಹಿಸಿ ಅದನ್ನೇ ನೀವೂ ಹೆಸರಿಸಬೇಕು. ಅದು ಗೆದ್ದರೆ ಇಬ್ಬರಿಗೂ ಅಷ್ಟೇ ಅಂಕ, ನಿಮ್ಮ ಮೂವತ್ತು ಹಾಗೆಯೇ ಉಳಿಯುತ್ತದೆ. ಆ ಹೊತ್ತಿನಲ್ಲಿ ನೀವು ಓದುತ್ತಿರುವುದು ಎದುರಾಳಿಯ ಮನಸ್ಸನ್ನು.

ಸಾಫ್ಟ್‌ವೇರಿನ ಮೇಲೆ ನಿಜವಾದ ಸಿಟ್ಟು ನನಗೂ ಇದೆ, ಆದರೆ ಅದು ಬೇರೆಯವರ ಸಾಫ್ಟ್‌ವೇರಿನ ಮೇಲೆ. ಈಗ ದೊಡ್ಡ ದುಡ್ಡಿನ ತಂಡಗಳು ರೇಸು ಶುರುವಾಗುವ ಕೊನೆಯ ಸೆಕೆಂಡುಗಳಲ್ಲಿ ಕಂಪ್ಯೂಟರ್ ಮೂಲಕ ರಾಶಿ ರಾಶಿ ಬಾಜಿ ಸುರಿಯುತ್ತವೆ. ಎಲ್ಲರ ಹಣವೂ ಒಂದೇ ಗಂಟಿಗೆ ಬಿದ್ದು ಹಂಚಿಕೆಯಾಗುವ ವ್ಯವಸ್ಥೆ ಇದು, ಆದ್ದರಿಂದ ಕೊನೆಯ ಬೆಲೆಯೇ ಬೆಲೆ. 12-1 ಎಂದು ಹೆಸರಿಸಿದ ಕುದುರೆ, ಓಟ ಅರ್ಧ ಮುಗಿದಾಗ ಪರದೆಯ ಮೇಲೆ 7-1 ಆಗಿರುತ್ತದೆ. ಕುದುರೆ ಗೆದ್ದರೂ ನನ್ನ ಹತ್ತು ಅಂಕ ಯಾರದೋ ಸರ್ವರ್ ನುಂಗಿರುತ್ತದೆ. ಇದರ ಬಗ್ಗೆ ಈವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ. ಕನಿಕರವೆಲ್ಲ ಪೆನ್ಸಿಲಿಗೆ ಖರ್ಚಾಗಿ ಹೋಗಿರುತ್ತದೆ.

ಭಾವಮೈದ ಆ ರಾತ್ರಿಯ ಮಾತನ್ನು ಅಲ್ಲಿಗೇ ಬಿಡಲಿಲ್ಲ. ಪ್ರೋಗ್ರಾಮನ್ನು ತಿದ್ದಿದ. ಈಗ ಅದು ಪ್ರತಿ ರೇಸಿಗೂ ಮುಂಚೆ ಪರದೆಯ ಮೇಲೆ ಎರಡು ಖಾಲಿ ಚೌಕ ತೋರಿಸುತ್ತದೆ: ಎಷ್ಟು ಹಿಂದೆ, ಎಷ್ಟು ಬಾಕಿ. ಕಳೆದ ಸ್ಪರ್ಧೆಯ ಕೊನೆಯ ರೇಸಿಗೆ ನಾನೂ ನನ್ನ ಅಂಕಿಗಳನ್ನು ಅದರಲ್ಲಿ ತುಂಬಿದೆ. 27-1ರ ಒಂದು ಬೂದು ಕುದುರೆಯನ್ನು ಕೊಟ್ಟಿತು. ಇಬ್ಬರೂ ಅದನ್ನೇ ಹಿಡಿದೆವು. ಉಳಿದ ಕುದುರೆಗಳೆಲ್ಲ ಗುರಿ ದಾಟಿ ವೇಗ ತಗ್ಗಿಸಿ ಹಿಂತಿರುಗುವ ಹೊತ್ತಿಗೆ ನಮ್ಮದು ಇನ್ನೂ ಓಡುತ್ತಾ ಬರುತ್ತಿತ್ತು.

"ಲೆಕ್ಕ ಸರಿಯಾಗಿಯೇ ಇತ್ತು, ಭಾವ" ಎಂದ.

ಸರಿಯಾಗಿಯೇ ಇತ್ತು. ನಾನೂ ಪೆನ್ಸಿಲಿನಲ್ಲಿ ಇನ್ನೊಮ್ಮೆ ಮಾಡಿ ನೋಡಿದೆ.