ಏಳನೆಯ ಹೆಸರು

ಮಂಗನ ಕಾಯಿಲೆಯ ಕುರಿತ ನಮ್ಮ ಲೇಖನದ ಉಲ್ಲೇಖಪಟ್ಟಿಯನ್ನು ಇಂದು ಶಿವಮೊಗ್ಗದಲ್ಲಿ ಕುಳಿತು ಆಕರಗಳನ್ನು ಸಂಖ್ಯೆಯಿಂದ ಗುರುತಿಸುವ ವ್ಯಾಂಕೂವರ್ ಶೈಲಿಗೆ ಹೊಂದಿಸಿದೆ. ಇದರಲ್ಲಿ ಅಕಾರಾದಿ ಕ್ರಮವಿಲ್ಲ. ಬರಹದಲ್ಲಿ ಮೊದಲು ಬಂದ ಆಕರಕ್ಕೆ ಮೊದಲ ಸಂಖ್ಯೆ ಸಲ್ಲುವುದರಿಂದ, ನಡುವೆ ಹೊಸದೊಂದು ಆಕರ ಸೇರಿದರೆ ಮುಂದಿನ ಸಂಖ್ಯೆಗಳೆಲ್ಲ ಬದಲಾಗುತ್ತವೆ. ಅಷ್ಟನ್ನು ಝೊಟೆರೊ ತಂತ್ರಾಂಶವೇ ನೋಡಿಕೊಳ್ಳುತ್ತದೆ.

ಆದರೆ ಲೇಖಕರು ಆರಕ್ಕಿಂತ ಹೆಚ್ಚಿದ್ದರೆ ಮೊದಲ ಆರು ಹೆಸರು ಉಳಿಸಿ, ಮಿಕ್ಕವರನ್ನು ‘ಮತ್ತಿತರರು’ ಎಂದು ಮುಗಿಸಬೇಕೆಂಬ ನಿಯಮ ನನಗೆ ಒಪ್ಪಿಗೆಯಾಗುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆಯ ವೈರಾಣು ಪತ್ತೆಯಾದಂದಿನಿಂದ, ಸತ್ತ ಮಂಗಗಳ ಮೈಯಿಂದ ಉಣುಗು ಆರಿಸಿದವರು, ಊರೂರು ತಿರುಗಿ ರಕ್ತದ ಮಾದರಿ ತಂದವರು ಎಷ್ಟೋ ಮಂದಿ. ಏಳನೆಯ ಹೆಸರು ಅವರಲ್ಲೊಬ್ಬರದ್ದಾಗಿರಬಹುದು. ಜರ್ನಲ್‌ಗಳು ಈಗ ಹೆಚ್ಚಾಗಿ ಅಂತರ್ಜಾಲದಲ್ಲೇ ಪ್ರಕಟವಾಗುವುದರಿಂದ ಕಾಗದ ಉಳಿಸುವ ಕಾರಣವೂ ಇಲ್ಲ. ಎಲ್ಲ ಹೆಸರುಗಳನ್ನೂ ಪೂರ್ತಿಯಾಗಿ ಅಚ್ಚುಹಾಕುವುದೇ ನ್ಯಾಯ.