ಕೋಟ್ಪಾ ದಾಳಿಗೆ ಹೊರಡುವ ಮುನ್ನ ಅಳತೆ ಮುಗಿಸಿ

ಪುರಸಭೆಗೆ ಹೊಸದಾಗಿ ಬರುವ ಹೆಲ್ತ್ ಇನ್ಸ್‌ಪೆಕ್ಟರ್‌ಗಳು ತಂಬಾಕು ದಾಳಿಯ ವಿಷಯ ಬಂದರೆ ಮೊದಲು ಕೇಳುವುದು, "ಸಾರ್, ದಂಡ ಎಷ್ಟು ಹಾಕಬೇಕು?" ದಂಡದ ಮಾತು ಆಮೇಲೆ, ಮೊದಲು ಊರಿನ ಶಾಲೆ ಕಾಲೇಜುಗಳ ಪಟ್ಟಿ ತನ್ನಿ ಅಂತ ನಾನು ಹೇಳುತ್ತೇನೆ. ಈ ಉತ್ತರ ಯಾರಿಗೂ ಇಷ್ಟ ಆಗುವುದಿಲ್ಲ.

ನಾನು ಕೆಲಸ ಮಾಡುವುದು ಮೈಸೂರು ಜಿಲ್ಲೆಯಲ್ಲಿ. ಕಸ, ಚರಂಡಿ, ಬೀದಿನಾಯಿ, ಟ್ರೇಡ್ ಲೈಸೆನ್ಸ್, ಇವೆಲ್ಲದರ ನಡುವೆ ಕೋಟ್ಪಾ ಅನ್ನುವ 2003ರ ತಂಬಾಕು ನಿಯಂತ್ರಣ ಕಾಯ್ದೆಯೂ ನಮ್ಮ ತಲೆಗೇ. ದಾಳಿಯ ದಿನ ಆರೋಗ್ಯ ಇಲಾಖೆ, ಪೊಲೀಸ್, ಶಿಕ್ಷಣ ಇಲಾಖೆ, ನಾವು ಎಲ್ಲ ಸೇರಿ ಒಂದು ತನಿಖಾ ದಳ. ಜೀಪು ಬಸ್‌ಸ್ಟ್ಯಾಂಡಿಗೆ ಬರುವುದರೊಳಗೆ ಸುದ್ದಿ ಊರೆಲ್ಲ ಹರಡಿರುತ್ತದೆ. ಅರ್ಧ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಸಿಕ್ಕ ಅಂಗಡಿಗೆ ರಸೀದಿ ಹರಿದು, ಫೋಟೋ ತೆಗೆದು, ವಾಟ್ಸಾಪ್ ಗುಂಪಿಗೆ ಹಾಕಿದರೆ ಆ ದಿನದ ಕೆಲಸ ಮುಗಿಯಿತು.

ಬಹಳ ವರ್ಷ ದಂಡದ ಮಿತಿ 200 ರೂಪಾಯಿ ಇತ್ತು. ಅಂಗಡಿಯವರು ಅದನ್ನು ಬಾಡಿಗೆಯ ಹಾಗೆ ಕಟ್ಟಿ, ನಾವು ಬೀದಿ ತಿರುಗುವುದರೊಳಗೆ ಮತ್ತೆ ಡಬ್ಬಿ ಹೊರಗಿಡುತ್ತಿದ್ದರು. ಕರ್ನಾಟಕದ ತಿದ್ದುಪಡಿ ಕಾಯ್ದೆ 2024ರಲ್ಲಿ ವಿಧಾನಮಂಡಲದಲ್ಲಿ ಪಾಸಾಗಿ, 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಅಂಕಿತ ಪಡೆದ ಮೇಲೆ ಮಿತಿ 1,000 ರೂಪಾಯಿಗೆ ಏರಿದೆ. ಏರಿದ್ದು ಒಳ್ಳೆಯದೇ. ಆದರೂ ಅಂಗಡಿ ಬದಲಾಗುವುದು ರಸೀದಿಯಿಂದ ಅಲ್ಲ ಅನ್ನುವುದು ನನ್ನ ಅನುಭವ.

ಅಳತೆಗೆ ಬರೋಣ. ಜಗಳ ಜಾಸ್ತಿ ಆಗುವುದು ಇಲ್ಲೇ. ಶಿಕ್ಷಣ ಸಂಸ್ಥೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಅನ್ನುವುದು ಹಳೆಯ ನಿಯಮ. ರಾಜ್ಯದ ತಿದ್ದುಪಡಿ ಅದನ್ನು 100 ಮೀಟರ್ ಮಾಡಿತು. 100 ಗಜ ಅಂದರೆ 91 ಮೀಟರ್ ಚಿಲ್ಲರೆ. ಅಂದರೆ ಮೊನ್ನೆವರೆಗೆ ಗೆರೆಯಿಂದ ಆಚೆ ನೆಮ್ಮದಿಯಾಗಿದ್ದ ಕೆಲವು ಅಂಗಡಿಗಳು ಈಗ ಒಳಗೆ ಬಂದಿವೆ. ಶಾಲೆಯವರು ರಸ್ತೆಗೆ ಬಳಿದ ಹಳದಿ ಗೆರೆ ಮಾತ್ರ ಹಳೆಯ ಅಳತೆಯದು. ಅದನ್ನು ನಂಬಿ ದಂಡ ಹಾಕಲೂಬೇಡಿ, ಬಿಡಲೂಬೇಡಿ.

ಅಂಗಡಿಯವರು ಅಳೆಯುವುದು ಗೇಟಿನಿಂದ, ರಸ್ತೆ ಹಿಡಿದು, ಹೆಜ್ಜೆ ಲೆಕ್ಕದಲ್ಲಿ. ನಿಯಮದ ಪ್ರಕಾರ ಅಳೆಯಬೇಕಾದ್ದು ಶಾಲೆಯ ಕಾಂಪೌಂಡಿನ ಹೊರ ಅಂಚಿನಿಂದ, ಸುತ್ತಲೂ ನೇರ ರೇಖೆಯಲ್ಲಿ. ಹಿಂದಿನ ಗಲ್ಲಿಯ ಅಂಗಡಿಗೆ ಗೇಟಿನಿಂದ ನಡೆದುಹೋದರೆ ಎರಡು ತಿರುವು ದಾಟಬೇಕು. ಅದೇ ಅಂಗಡಿ ಆಟದ ಮೈದಾನದ ಗೋಡೆಗೆ ಕಲ್ಲೆಸೆತದ ದೂರದಲ್ಲಿರುತ್ತದೆ. ಹುಡುಗರಿಗೆ ಆ ಗೋಡೆಯ ಕಿಂಡಿ ಗೇಟಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಬಿಡಿ.

ಹಾಗಾಗಿ ದಾಳಿಗೆ ಮುಂಚೆಯೇ ಕೂತು, ಮೊಬೈಲ್ ನಕ್ಷೆಯಲ್ಲಿ ಪ್ರತಿ ಶಾಲೆಯ ಕಾಂಪೌಂಡ್ ಹಿಡಿದು ಅಂಗಡಿಗಳನ್ನು ಗುರುತು ಮಾಡಿಕೊಳ್ಳಿ. ಅನುಮಾನ ಇರುವ ಕಡೆ ಟೇಪು ಹಿಡಿದು ಅಳೆಯಿರಿ, ಅಂಗಡಿಯವರ ಕೈಗೇ ಒಂದು ತುದಿ ಕೊಡಿ. ತಾನೇ ಹಿಡಿದ ಟೇಪಿನ ಮೇಲೆ ಯಾರೂ ತಕರಾರು ತೆಗೆಯುವುದಿಲ್ಲ. ಇನ್ನೊಂದು ವಿಷಯ. ಇದು ಮಾನ್ಯತೆ ಇರುವ ಶಾಲೆ ಕಾಲೇಜುಗಳಿಗೆ ಅನ್ವಯ. ಮನೆ ಮಹಡಿಯ ಟ್ಯೂಷನ್ ತೋರಿಸಿ ನೋಟಿಸ್ ಕೊಟ್ಟರೆ ಅದು ನಿಲ್ಲುವುದಿಲ್ಲ.

ಅಳತೆ ಮುಗಿದ ಮೇಲೆ ಕಷ್ಟದ ಭಾಗ. ನಮ್ಮ ಕಡೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸುತ್ತ ಹೊಗೆಸೊಪ್ಪು ಬೆಳೆದು ಬದುಕುವ ಮನೆಗಳು ಬೇಕಾದಷ್ಟಿವೆ. ಒಬ್ಬ ಗೂಡಂಗಡಿ ಯಜಮಾನರು ನೇರವಾಗಿಯೇ ಕೇಳಿದರು: "ಬೆಳೆಯೋಕೆ ತಂಬಾಕು ಬೋರ್ಡಿನವರು ಲೈಸೆನ್ಸ್ ಕೊಡ್ತಾರೆ. ಹರಾಜು ಅವರೇ ಹಾಕ್ತಾರೆ. ನಾನು ಮಾರಿದ್ರೆ ನೀವು ಬರ್ತೀರಿ. ಇದ್ಯಾವ ನ್ಯಾಯ ಸಾ?" ಅವರ ಪ್ರಶ್ನೆಯಲ್ಲಿ ತೂಕ ಇದೆ. "ಮಾರಲೇಬೇಡಿ ಅಂತ ನಾವು ಹೇಳ್ತಿಲ್ಲ ಯಜಮಾನ್ರೇ. ಇಲ್ಲಿ ಬೇಡ, ಮಕ್ಕಳಿಗೆ ಬೇಡ, ಬಿಡಿಬಿಡಿಯಾಗಿ ಬೇಡ, ಅಷ್ಟೇ" ಅಂದೆ. ಅವರು ಒಪ್ಪಿದರು ಅಂತಲ್ಲ. ಮಾತು ಮುಂದುವರಿಯಿತು, ಸಾಕು.

ಮಾತಾಡಿದರೆ ಅಂಗಡಿಯ ಲೆಕ್ಕ ತಿಳಿಯುತ್ತದೆ. ಒಂದು ಸಿಗರೇಟಿನಲ್ಲಿ ಅವರಿಗೆ ಉಳಿಯುವುದು ಬಹಳ ಕಡಿಮೆ. ಅದನ್ನು ಕೇಳಿಕೊಂಡು ಬಂದವನು ಟೀ ಕುಡಿಯುತ್ತಾನೆ, ಬನ್ನು ತಿನ್ನುತ್ತಾನೆ. ಲಾಭ ಇರುವುದು ಅಲ್ಲಿ. ಅದಕ್ಕೇ ಸಿಗರೇಟು ಇಡಬೇಡಿ ಅಂದರೆ ಅವರಿಗೆ ಟೀ ವ್ಯಾಪಾರವೇ ಹೋದ ಹಾಗೆ ಕೇಳಿಸುತ್ತದೆ. ಇದನ್ನು ತಿಳಿಯದೆ ಆರೋಗ್ಯದ ಭಾಷಣ ಬಿಗಿದರೆ ಸುಮ್ನೆ ತಲೆ ಆಡಿಸುತ್ತಾರೆ.

ನಾನು ಮೊದಲು ಕೇಳುವುದು ಅವರಿಗೆ ನಷ್ಟ ಆಗದ್ದನ್ನು. ಬ್ರಾಂಡ್ ಹೆಸರಿರುವ ಮಿರುಗುವ ಬೋರ್ಡು, ದೀಪ ಹಚ್ಚಿದ ಗಾಜಿನ ಪೆಟ್ಟಿಗೆ ತೆಗೆಯಿರಿ ಅಂತ. ಅವು ಬಹಳ ಸಲ ಅಂಗಡಿಯವರು ಮಾಡಿಸಿದ್ದಲ್ಲ, ಮಾಲು ತರುವವರು ತಂದಿಟ್ಟದ್ದು. ನಿಯಮದಲ್ಲಿ ಬೋರ್ಡು 60 ಸೆಂಟಿಮೀಟರ್‌ಗೆ 45 ಸೆಂಟಿಮೀಟರ್ ಮೀರುವಂತಿಲ್ಲ. ಮೇಲೆ ಎಚ್ಚರಿಕೆ ಇರಬೇಕು. ಬ್ರಾಂಡ್ ಹೆಸರು, ಪ್ಯಾಕಿನ ಚಿತ್ರ, ಹಿಂದಿನಿಂದ ದೀಪ, ಯಾವುದೂ ಇರಬಾರದು. ಅದು ಹೋದರೆ ಶಾಲೆಗೆ ಹೋಗುವ ಮಗುವಿನ ಕಣ್ಣಿನ ಮಟ್ಟದಲ್ಲಿ ಚಾಕೊಲೇಟ್ ಡಬ್ಬಿಯ ಪಕ್ಕ ಸಿಗರೇಟು ಕಾಣುವುದಿಲ್ಲ. ಹಗ್ಗಕ್ಕೆ ಕಟ್ಟಿದ ಲೈಟರನ್ನೂ ಅದೇ ದಿನ ಬಿಚ್ಚಿಸುತ್ತೇನೆ. ಲೈಟರ್ ಇಲ್ಲದಿದ್ದರೆ ಅಂಗಡಿ ಮುಂದೆ ನಿಂತು ಸೇದುವವರು ತಾವಾಗಿಯೇ ಕಡಿಮೆ ಆಗುತ್ತಾರೆ.

ಕೊಳ್ಳುವವರ ವಯಸ್ಸಿನ ನಿಯಮ ಈಗ 21. ಎಷ್ಟೋ ಅಂಗಡಿಗಳಲ್ಲಿ ಇನ್ನೂ 18ರ ಬೋರ್ಡೇ ತೂಗಾಡುತ್ತಿದೆ. "ಮುಖ ನೋಡಿ ವಯಸ್ಸು ಹೆಂಗ್ ಹೇಳೋದು ಸಾ?" ಅನ್ನುತ್ತಾರೆ. ಅನುಮಾನ ಬಂದರೆ ಗುರುತಿನ ಚೀಟಿ ಕೇಳಬಹುದು, ಕೇಳಬೇಕು. ಚಿಕ್ಕವನಿಗೆ ಮಾರಿಲ್ಲ ಅಂತ ತೋರಿಸುವ ಹೊಣೆ ಮಾರುವವರದೇ. ಆದರೆ ನಮ್ಮ ಊರುಗಳಲ್ಲಿ ನಿಜವಾದ ತೊಡಕು ಎರಡು. ಅಪ್ಪನಿಗೆ ಬೀಡಿ ತರಲು ಬರುವ ಮಗ, ಮತ್ತು ಶಾಲೆ ಬಿಟ್ಟ ಮೇಲೆ ಅಂಗಡಿ ನೋಡಿಕೊಳ್ಳುವ ಅಂಗಡಿಯವರದೇ ಮಗ. ಹದಿನೆಂಟು ತುಂಬದವರು ತಂಬಾಕು ಮಾರುವುದೂ ನಿಯಮಕ್ಕೆ ವಿರುದ್ಧ ಅನ್ನುವುದು ಬಹಳ ಜನಕ್ಕೆ ಗೊತ್ತೇ ಇಲ್ಲ. ಅಲ್ಲಿ ನಾನು ರಸೀದಿ ಪುಸ್ತಕ ಹೊರಗೆ ತೆಗೆಯುವುದಿಲ್ಲ. ಅಪ್ಪನನ್ನು ಕರೆಸಿ ಮಾತಾಡುತ್ತೇನೆ.

ಬಿಡಿ ಸಿಗರೇಟು ಮಾರುವುದಕ್ಕೂ ರಾಜ್ಯದ ತಿದ್ದುಪಡಿ ತಡೆ ಹಾಕಿದೆ. ಇದರ ಮೇಲೆ ನನಗೆ ಹೆಚ್ಚು ನಂಬಿಕೆ. 2016ರಿಂದ ಪ್ಯಾಕಿನ 85 ಶೇಕಡಾ ಜಾಗದಲ್ಲಿ ಎಚ್ಚರಿಕೆ ಚಿತ್ರ ಇರಬೇಕು, ಸರಿ. ಒಂದೇ ಒಂದು ಸಿಗರೇಟು ತೆಗೆದುಕೊಂಡು ಹೋಗುವವನಿಗೆ ಆ ಚಿತ್ರ ಕಾಣುವುದೇ ಇಲ್ಲ, ಪ್ಯಾಕು ಅಂಗಡಿಯವರ ಗಲ್ಲಾಪೆಟ್ಟಿಗೆಯ ಪಕ್ಕ ಇರುತ್ತದೆ. ಕಾಲೇಜು ಹುಡುಗ ಶುರು ಮಾಡುವುದು ಪೂರ್ತಿ ಪ್ಯಾಕಿನಿಂದ ಅಲ್ವಲ್ಲ. ಜಾರಿ ಮಾಡುವುದು ಕಷ್ಟ, ನಿಜ. ತೆರೆದ ಪ್ಯಾಕು ಡ್ರಾಯರ್‌ನಲ್ಲಿ ಸಿಕ್ಕರೆ "ಅದು ನಾನು ಸೇದೋಕೆ ಇಟ್ಕೊಂಡಿದ್ದು" ಅನ್ನುತ್ತಾರೆ. ನಾಲ್ಕು ಬ್ರಾಂಡಿನ ತೆರೆದ ಪ್ಯಾಕು ಇಟ್ಟುಕೊಂಡವರೂ ಹೀಗೇ ಅನ್ನುತ್ತಾರೆ!

ಈಗ ಲೈಸೆನ್ಸ್. ಪುರಸಭೆಯ ಕೈಯಲ್ಲಿರುವ ನಿಜವಾದ ಹಿಡಿತ ಇದೇ. ಕಟ್ಟಡದಲ್ಲಿರುವ ಅಂಗಡಿಗೆ ಟ್ರೇಡ್ ಲೈಸೆನ್ಸ್ ಇರುತ್ತದೆ, ಪ್ರತಿ ವರ್ಷ ನವೀಕರಣಕ್ಕೆ ಅವರೇ ನಮ್ಮ ಹತ್ತಿರ ಬರುತ್ತಾರೆ. ಹಳೆಯ ನೋಟಿಸುಗಳು ಆ ಕಡತದಲ್ಲಿ ಇದ್ದರೆ ಮಾತಿಗೆ ಬಲ. ಇಲ್ಲದಿದ್ದರೆ ಹೋದ ವರ್ಷದ ದಾಳಿ ನಡೆದೇ ಇಲ್ಲ ಅಂತ ಲೆಕ್ಕ. ತಂಬಾಕು ಮಾರಲು ಸ್ಥಳೀಯ ಸಂಸ್ಥೆಯಿಂದ ಬೇರೆಯೇ ಅನುಮತಿ ಇರಲಿ, ಅಂಥ ಅಂಗಡಿಯಲ್ಲಿ ಬಿಸ್ಕತ್ತು, ಚಿಪ್ಸು, ಮಿಠಾಯಿ ಬೇಡ ಅಂತ ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಸಣ್ಣ ಊರಿನ ಗೂಡಂಗಡಿಯಲ್ಲಿ ಬಿಸ್ಕತ್ತನ್ನೂ ಬೀಡಿಯನ್ನೂ ಬೇರೆ ಮಾಡುವುದು ಹೇಳಿದಷ್ಟು ಸುಲಭ ಅಲ್ಲ. ಆದರೂ ದಿಕ್ಕು ಸರಿಯಾಗಿದೆ ಅಂತ ನನ್ನ ಅನಿಸಿಕೆ.

ಬೀದಿಬದಿಯ ಗೂಡಂಗಡಿಗೆ ಟ್ರೇಡ್ ಲೈಸೆನ್ಸ್ ಬಹುಪಾಲು ಇರುವುದಿಲ್ಲ, ಬೀದಿ ವ್ಯಾಪಾರಿಯ ಗುರುತಿನ ಚೀಟಿ ಇರುತ್ತದೆ. ಹೊಸಬರು ಇಲ್ಲಿ ಹುಷಾರಾಗಿರಬೇಕು. ಸಿಗರೇಟು ಮಾರಿದರು ಅಂತ ಜೆಸಿಬಿ ತಂದು ಅಂಗಡಿ ಎತ್ತಿಸುವಂತಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಅಂಗಡಿ ಸ್ಥಳಾಂತರಿಸಲು 30 ದಿನಗಳ ನೋಟಿಸ್ ಬೇಕು. ತಂಬಾಕು ಮಾರಾಟವನ್ನು ಆ ಕ್ಷಣವೇ ನಿಲ್ಲಿಸಬಹುದು. ಅಂಗಡಿ ನಿಂತಲ್ಲೇ ಇದ್ದು ಟೀ, ಬನ್ನು, ಎಳನೀರು ಮಾರಬಹುದು. ಇವೆರಡನ್ನೂ ಒಂದೇ ಮಾಡಿ ಮಾತಾಡಿದರೆ ಸಂಘದವರು ಪುರಸಭೆ ಮುಂದೆ ಧರಣಿ ಕೂರುತ್ತಾರೆ, ಕೂರಲೂಬೇಕು.

ವೇಪ್‌ದು ಬೇರೆಯೇ ಕಥೆ. ಇ-ಸಿಗರೇಟಿಗೆ ನಮ್ಮ ದೇಶದಲ್ಲಿ ದೂರದ ಅಳತೆ ಇಲ್ಲ, ವಯಸ್ಸಿನ ಮಿತಿ ಇಲ್ಲ. ಪೂರ್ತಿ ನಿಷೇಧ. ಕರ್ನಾಟಕ 2016ರಲ್ಲೇ ಮಾರಾಟ ನಿಲ್ಲಿಸಿತ್ತು. 2019ರ ಕೇಂದ್ರ ಕಾಯ್ದೆ ತಯಾರಿಕೆ, ಆಮದು, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲವನ್ನೂ ಅಪರಾಧ ಮಾಡಿತು. ಮೊದಲ ಸಲ ಮಾರಿ ಸಿಕ್ಕರೆ ಒಂದು ವರ್ಷದವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ದಾಸ್ತಾನು ಇಟ್ಟುಕೊಂಡಿದ್ದಕ್ಕೇ ಆರು ತಿಂಗಳವರೆಗೆ ಜೈಲು, ಅಥವಾ 50,000ದವರೆಗೆ ದಂಡ, ಅಥವಾ ಎರಡೂ ಇದೆ. ಕೋಟ್ಪಾ ರಸೀದಿ ಪುಸ್ತಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಶೋಧ, ಜಪ್ತಿ ಮಾಡಬೇಕಾದ್ದು ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ.

ಅದು ಸಿಗುವುದೂ ಬೀಡಾ ಅಂಗಡಿಯಲ್ಲಲ್ಲ. ಮೊಬೈಲ್ ಕವರ್, ಚಾರ್ಜರ್ ಮಾರುವ ಅಂಗಡಿಯ ಕೌಂಟರ್ ಕೆಳಗೆ, ಪೆನ್‌ಡ್ರೈವ್ ಥರ ಕಾಣುವ ಬಣ್ಣಬಣ್ಣದ ತುಂಡುಗಳು. ತಪಾಸಣೆಯಲ್ಲಿ ಕಂಡರೆ ಕೈ ಹಾಕಬೇಡಿ, ಬೈಯಬೇಡಿ. ಹೊರಗೆ ಬಂದು ಠಾಣೆಗೆ ಫೋನ್ ಮಾಡಿ. ನೀವು ಎತ್ತಿಕೊಂಡು ಕಚೇರಿಗೆ ತಂದರೆ ಕೇಸು ಅಲ್ಲೇ ಸಡಿಲ. ಪೊಲೀಸರು ಮಹಜರು ಮಾಡಿದ ಮೇಲೆ ಅದರ ಪ್ರತಿ ಕೇಳಿ ಪಡೆದು ಅಂಗಡಿಯ ಲೈಸೆನ್ಸ್ ಕಡತಕ್ಕೆ ಸೇರಿಸಿ, ಮುಖ್ಯಾಧಿಕಾರಿಗೆ ಟಿಪ್ಪಣಿ ಹಾಕಿ. ಮಾರ್ಚ್‌ನಲ್ಲಿ ನವೀಕರಣದ ಅರ್ಜಿ ಬಂದಾಗ ಆ ಮೇಜಿನಲ್ಲಿ ನೀವು ಇರಲಿ, ವರ್ಗವಾಗಿ ಹೋಗಿರಲಿ, ಕಾಗದ ಅಲ್ಲೇ ಇರುತ್ತದೆ.